ಹೆತ್ತವರನ್ನು ನಂಬದ ಕಾಯಿದೆ

1924ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ 17ನೆಯ ಕಲಮು ಓದಲು ಚಿಕ್ಕದು. ಕಸುಬು ಶಾಲೆ, ಬೇಸಾಯದ ಶಾಲೆ, ಸುಧಾರಣಾ ಶಾಲೆಗಳನ್ನು ತೆರೆಯಲು ಅದು ಸರಕಾರಕ್ಕೆ ಅಧಿಕಾರ ಕೊಡುತ್ತದೆ. ಅಪರಾಧಿ ಎಂದು ಘೋಷಿಸಿದ ಬುಡಕಟ್ಟಿನವರ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಆ ಶಾಲೆಗಳಲ್ಲಿ ಇರಿಸುವ ಅಧಿಕಾರವನ್ನೂ ಕೊಡುತ್ತದೆ. ಮಕ್ಕಳೆಂದರೆ ಆರು ವರ್ಷ ಮೀರಿದ, ಹದಿನೆಂಟು ತುಂಬದ ಎಲ್ಲರೂ. ವಯಸ್ಸಿನ ಬಗ್ಗೆ ತಕರಾರು ಬಂದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಹೇಳಿದ್ದೇ ಕೊನೆಯ ಮಾತು. ಹೀಗೆ ಒಯ್ದ ಮಕ್ಕಳು ಬಾಲಾಪರಾಧಿಗಳೇ ಆಗಿದ್ದಾರೋ ಎಂಬಂತೆ 1897ರ ಸುಧಾರಣಾ ಶಾಲೆಗಳ ಕಾಯಿದೆಯ ನಿಯಮಗಳು ಅವರಿಗೆ ಅನ್ವಯಿಸುತ್ತಿದ್ದವು. ಆ ನಿಯಮಗಳಲ್ಲಿ ಮಕ್ಕಳನ್ನು ಹೊರಗಿನ ಮಾಲೀಕರ ಬಳಿ ಕೆಲಸಕ್ಕೆ ಬಿಡುವ ಅವಕಾಶವೂ ಸೇರಿತ್ತು. ಇಲ್ಲಿ ಮಗು ಯಾವ ತಪ್ಪನ್ನೂ ಮಾಡಿರಬೇಕಾಗಿಲ್ಲ. ಮಗುವಿನ ತಾಯಿ ತಪ್ಪು ಮಾಡಿದಳೆಂದು ಯಾವ ನ್ಯಾಯಾಲಯವೂ ಹೇಳಿರಬೇಕಾಗಿಲ್ಲ. ಆ ಕುಲದಲ್ಲಿ ಹುಟ್ಟಿದರೆ ಸಾಕಿತ್ತು. ಈ ಕಾಯಿದೆಯ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಬೆರಳಚ್ಚು, ಹಾಜರಿ, ತಂತಿಬೇಲಿಗಳನ್ನು ನೆನೆಯುತ್ತೇವೆ. ಆದರೆ ಅದರ ಅತಿ ಆಳದ ಏಟು ಬಿದ್ದದ್ದು ಬೇರೆ ಕಡೆ. ಹೆತ್ತವರೇ ತಮ್ಮ ಮಕ್ಕಳಿಗೆ ಅಪಾಯ ಎಂದು ರಾಜ್ಯ ಬರೆದಿಟ್ಟಿತು. ಆ ತೀರ್ಪನ್ನು ಹೆಸರಿಟ್ಟು ಹಿಂದಕ್ಕೆ ಪಡೆಯದೆ ಕೊಡುವ ಯಾವ ಸವಲತ್ತೂ ಆ ಗಾಯವನ್ನು ಮಾಯಿಸಲಾರದು ಎಂಬುದು ಈ ಲೇಖನದ ವಾದ.

ಈ ತೀರ್ಪು ಒಂದೇ ದಿನದಲ್ಲಿ ರೂಪುಗೊಂಡದ್ದಲ್ಲ. ಮೊದಲ ಕಾಯಿದೆ 1871ರದು. ಅದು ಉತ್ತರ ಭಾರತದ ಪ್ರಾಂತಗಳಿಗೆ ಸೀಮಿತವಾಗಿತ್ತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ, ಕಸುಬು ಜಾತಿಯಿಂದ ಬರುವಂತೆ ಅಪರಾಧವೂ ಜಾತಿಯಿಂದಲೇ ಬರುತ್ತದೆ ಎಂಬ ತರ್ಕ ಅದರ ಬೆನ್ನಿಗಿತ್ತು. ತರ್ಕ ಅಷ್ಟಾದ ಮೇಲೆ ಮಕ್ಕಳ ಕಡೆಗೆ ಕಣ್ಣು ಹೊರಳುವುದು ಬರೀ ಕಾಲದ ಮಾತು. ಅಪರಾಧ ವಂಶದಲ್ಲಿ ಹರಿಯುತ್ತದೆ ಎಂದಾದರೆ ಹರಿವನ್ನು ಕಡಿಯಬೇಕಾದ ಜಾಗ ತಾಯಿ ಮತ್ತು ಮಗುವಿನ ನಡುವೆಯೇ ಇರುತ್ತದೆ. 1897ರ ತಿದ್ದುಪಡಿ ಆ ಕೆಲಸಕ್ಕೆ ಕೈಹಾಕಿತು. ನಾಲ್ಕು ವರ್ಷದಿಂದ ಹದಿನೆಂಟರವರೆಗಿನ ಮಕ್ಕಳಿಗೆ ಬೇರೆ ಸುಧಾರಣಾ ವಸತಿಗಳನ್ನು ಮಾಡಲು ಪ್ರಾಂತೀಯ ಸರಕಾರಗಳಿಗೆ ಅದು ಅನುಮತಿ ಕೊಟ್ಟಿತು. 1911ರ ಕಾಯಿದೆ ಮುಂಬಯಿ, ಮದ್ರಾಸು ಸೇರಿ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿತು. 1924ರದು ಎಲ್ಲವನ್ನೂ ಒಂದು ಕಟ್ಟಿಗೆ ತಂದಿತು. ಒಂದು ಬುಡಕಟ್ಟನ್ನು ಅಪರಾಧಿ ಎಂದು ಘೋಷಿಸಿದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ದಾರಿಯನ್ನೂ ಕಾಯಿದೆ ಮುಚ್ಚಿಬಿಟ್ಟಿತ್ತು. ಅಂದರೆ ಮಗುವನ್ನು ಕಳೆದುಕೊಂಡ ತಾಯಿ ಯಾವ ಕೋರ್ಟಿನ ಮೆಟ್ಟಿಲು ಹತ್ತಿದರೂ, ತನ್ನ ಕುಲವನ್ನು ಏಕೆ ಆ ಪಟ್ಟಿಗೆ ಸೇರಿಸಿದಿರಿ ಎಂದು ಕೇಳುವಂತಿರಲಿಲ್ಲ.

ಇದಕ್ಕೂ ಕೊಪ್ಪಳಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕೇಳುವುದು ಸಹಜವೇ. ಕೊಪ್ಪಳ ಮತ್ತು ಯಲಬುರ್ಗಾ ನಿಜಾಮರ ರಾಜ್ಯದೊಳಗಿನ ಸಾಲಾರ್ ಜಂಗರ ಜಾಗೀರಿನಲ್ಲಿದ್ದವು. ಗಂಗಾವತಿ, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ್ದವು. ಬ್ರಿಟಿಷರ ಕಾಯಿದೆ ಇಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ. ಆದರೆ ನಕಾಶೆ ತೆರೆದು ನೋಡಿದರೆ ಈ ನಾಲ್ಕು ತಾಲೂಕುಗಳ ಜಾಗ ಎಂಥದೆಂಬುದು ತಿಳಿಯುತ್ತದೆ. ಪಶ್ಚಿಮಕ್ಕೆ ಗದಗ, ರೋಣ, ಉತ್ತರಕ್ಕೆ ಹುನಗುಂದ. ಇವು ಮುಂಬಯಿ ಪ್ರಾಂತ. ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಹೊಸಪೇಟೆ, ಬಳ್ಳಾರಿ. ಅದು ಮದ್ರಾಸು ಪ್ರಾಂತ. ಲಂಬಾಣಿಗರು, ಕೊರವರು, ಹರಣಶಿಕಾರಿಗಳು ಈ ಗೆರೆಗಳನ್ನು ನೋಡಿ ಬದುಕು ಕಟ್ಟಿದವರಲ್ಲ. ಅವರ ಬೀಗತನ, ಜಾತ್ರೆ, ವ್ಯಾಪಾರ ಮೂರೂ ಆಡಳಿತಗಳ ಮೇಲೆ ಹರಡಿತ್ತು. ಒಂದೇ ಮನೆತನದ ಅಣ್ಣ ಕುಷ್ಟಗಿಯ ಕಡೆ, ತಮ್ಮ ಹುನಗುಂದದ ಕಡೆ ಇದ್ದರೆ, ತಮ್ಮನ ಮಕ್ಕಳು ಒಂದು ಕಾಯಿದೆಗೆ, ಅಣ್ಣನ ಮಕ್ಕಳು ಇನ್ನೊಂದಕ್ಕೆ ಒಳಪಡುತ್ತಿದ್ದರು. ನಿಜಾಂ ರಾಜ್ಯದಲ್ಲೂ ಇಂಥ ಸಮುದಾಯಗಳನ್ನು ಅಪರಾಧಿಗಳೆಂದು ಗುರುತಿಸಿ ಕಾವಲಿಡುವ ವ್ಯವಸ್ಥೆ ಇತ್ತು. ಗಡಿ ಬ್ರಿಟಿಷರ ಕೈಯನ್ನು ತಡೆಯುತ್ತಿತ್ತು ಎಂಬುದೂ ಅರ್ಧ ಸತ್ಯ. 1858ರಲ್ಲಿ ಮುಂಡರಗಿಯ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆ ಹೊಕ್ಕಾಗ ಬ್ರಿಟಿಷ್ ಪಡೆ ಜಾಗೀರಿನ ನೆಲಕ್ಕೇ ಬಂದು ಅವನನ್ನು ಮುಗಿಸಿತು. ಬೇಕಾದಾಗ ಗೆರೆ ದಾಟುವ ಅಧಿಕಾರ ಯಾರಿಗಿತ್ತು, ಗೆರೆ ದಾಟಿದ್ದಕ್ಕೇ ಅಪರಾಧಿಗಳಾಗುತ್ತಿದ್ದವರು ಯಾರು ಎಂಬುದನ್ನು ಈ ಸೀಮೆಯ ಚರಿತ್ರೆ ಚೆನ್ನಾಗಿಯೇ ಬಲ್ಲದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಳವು ನಡೆಯುತ್ತಿತ್ತಲ್ಲ, ಸರಕಾರ ಸುಮ್ಮನೆ ಕೂರಬೇಕಿತ್ತೇ ಎಂಬುದು ಆ ಆಕ್ಷೇಪ. ಕಳವು ನಡೆಯುತ್ತಿತ್ತು, ನಿಜ. ಆದರೆ ಅದರ ಹಿಂದಿನ ಕಾರಣ ಕುಲದಲ್ಲಿರಲಿಲ್ಲ. ಲಂಬಾಣಿಗರ ಲದೇಣಿ, ಅಂದರೆ ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಬಯಲುಸೀಮೆಗೆ ಸಾಗಿಸುವ ವ್ಯಾಪಾರ, ತಲೆಮಾರುಗಳ ಅನ್ನವಾಗಿತ್ತು. ಕೊರವರದೂ ಹಾಗೆಯೇ, ಉಪ್ಪು, ದವಸದ ಹೇರು ಒಂದು ಕಡೆ, ಬುಟ್ಟಿ ಹೆಣೆಯುವುದು ಇನ್ನೊಂದು ಕಡೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಗದಗದಿಂದ ಕೊಪ್ಪಳ ಹಾಯ್ದು ಹೊಸಪೇಟೆಯ ಕಡೆಗೆ ಹಳಿ ಹಾಕಿತು. ಉಪ್ಪು ಸರಕಾರದ ಹಿಡಿತಕ್ಕೆ ಹೋಯಿತು, ಅರಣ್ಯ ಕಾನೂನು ದನ ಮೇಯುವ ಕಾಡಿಗೆ, ಬಿದಿರಿಗೆ, ಬೇಟೆಗೆ ಅಡ್ಡ ಬಂದಿತು. ಎತ್ತಿನ ದಾರಿಗಳು ಒಂದೊಂದಾಗಿ ಬರಿದಾದವು. 1876ರಿಂದ 78ರವರೆಗಿನ ದೊಡ್ಡ ಬರ ಈ ಸೀಮೆಯನ್ನು ಅದಾಗಲೇ ಹಿಂಡಿ ಹಾಕಿತ್ತು. ಕಸುಬು ಹೋದವರು ಅಲೆದರು. ಅಲೆಯುವವರನ್ನು ಕಂಡರೆ ಕಂದಾಯದ ಆಡಳಿತಕ್ಕೆ ಅನುಮಾನ. 1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೆಲ್ ಕೆನಡಿ ಬರೆದ ಅಪರಾಧಿ ವರ್ಗಗಳ ಕೈಪಿಡಿಯಲ್ಲಿ ನಮ್ಮ ಸುತ್ತಲಿನ ಕುಲಗಳ ಉಡುಗೆ, ಮಾತು, ಬಿಡಾರ, ಹೆಂಗಸರ ಒಡವೆ ಎಲ್ಲವೂ ಪೊಲೀಸರು ಗುರುತು ಹಿಡಿಯುವ ಚಿಹ್ನೆಗಳಾಗಿ ದಾಖಲಾದವು. ಕದ್ದವನನ್ನು ಹಿಡಿದು ಶಿಕ್ಷಿಸಲು ದಂಡ ಸಂಹಿತೆ 1860ರಿಂದಲೇ ಇತ್ತು. ಆರು ವರ್ಷದ ಮಗುವನ್ನು ಒಯ್ಯಲು ಬೇಕಾದ ಕಾರಣ ಯಾವ ಕಳವಿನಲ್ಲೂ ಸಿಗುವುದಿಲ್ಲ.

ಕೊಪ್ಪಳದಿಂದ ಸುಮಾರು 60 ಕಿಲೋಮೀಟರು ಪಶ್ಚಿಮಕ್ಕಿರುವ ಗದಗ-ಬೆಟಗೇರಿಯಲ್ಲಿ, ಹಾಗೆಯೇ ಹುಬ್ಬಳ್ಳಿಯಲ್ಲಿ, ವಿಜಯಪುರದಲ್ಲಿ ಅಪರಾಧಿ ಬುಡಕಟ್ಟುಗಳ ಸೆಟ್ಲಮೆಂಟುಗಳು, ಅಂದರೆ ಅವರನ್ನು ಕಾವಲಿನಲ್ಲಿ ಇರಿಸುವ ಆವರಣಗಳು, ಎದ್ದವು. ಮುಂಬಯಿ ಪ್ರಾಂತದಲ್ಲಿ ಈ ವ್ಯವಸ್ಥೆಯನ್ನು ಕಟ್ಟಿದವರು ಐಸಿಎಸ್ ಅಧಿಕಾರಿ ಒ. ಎಚ್. ಬಿ. ಸ್ಟಾರ್ಟ್; ವಿಜಯಪುರ ಅವರ ಮೊದಲ ಪ್ರಯೋಗಗಳ ಊರು. ಗಂಟಿಚೋರರು, ಕೊರವರು, ಛಪ್ಪರಬಂದರು, ಹರಣಶಿಕಾರಿಗಳು ಈ ಆವರಣಗಳ ಒಳಗೆ ಬಂದರು. ಜಾಗ ಆರಿಸುವಾಗ ಗಿರಣಿ, ರೈಲ್ವೆ ಕಾರ್ಖಾನೆಗಳು ಹತ್ತಿರವಿರುವಂತೆ ನೋಡಿಕೊಳ್ಳಲಾಗುತ್ತಿತ್ತು. ಹಾಗಾಗಿ ಒಳಗಿದ್ದವರ ದುಡಿಮೆ ಯಾರಿಗೆ ಬೇಕಾಗಿತ್ತು ಎಂಬುದು ಗುಟ್ಟಲ್ಲ. ದಿನವೂ ಹಾಜರಿ, ಹೊರಗೆ ಹೋಗಲು ಪಾಸು, ತಪ್ಪಿದರೆ ಜೈಲು. ಒಳ್ಳೆಯ ನಡತೆ ತೋರಿದ ಕುಟುಂಬಗಳಿಗೆ ಪಕ್ಕದಲ್ಲೇ ಸ್ವತಂತ್ರ ವಸತಿ. ಇವೆಲ್ಲದರ ಗುರಿ ಮುಂದಿನ ತಲೆಮಾರು. ದೊಡ್ಡವರನ್ನು ಕಾಯಬಹುದು, ಬದಲಿಸುವುದು ಕಷ್ಟ, ಬದಲಾವಣೆ ಮಕ್ಕಳಲ್ಲೇ ಆಗಬೇಕು ಎಂಬುದು ಅಧಿಕಾರಿಗಳ, ಮಿಷನರಿಗಳ ದೃಢವಾದ ನಂಬಿಕೆಯಾಗಿತ್ತು. ಶಾಲೆ ಕಡ್ಡಾಯವಾಯಿತು, ಮಕ್ಕಳಿಗೆ ಬೇರೆ ವಸತಿಗೃಹಗಳು ಬಂದವು. ಆಂಧ್ರದ ಕಡೆ ಸ್ಟುವರ್ಟ್‌ಪುರದಲ್ಲಿ ಸಾಲ್ವೇಶನ್ ಆರ್ಮಿ ಎರುಕಲರ ಸೆಟ್ಲಮೆಂಟು ನಡೆಸಿತು. ಆ ಸಂಸ್ಥೆಯ ಫ್ರೆಡರಿಕ್ ಬೂತ್-ಟಕರ್ ಅಪರಾಧವನ್ನು ರೋಗದಂತೆ ಕಂಡು, ಅದಕ್ಕೆ ಚಿಕಿತ್ಸೆಯ ವಿಧಾನವನ್ನು ವಿವರಿಸುವ ಪುಸ್ತಕವನ್ನೇ ಬರೆದರು. ಅಪರಾಧ ರೋಗವಾದರೆ ಮಗುವಿಗೆ ಅದು ಅಂಟುವ ಸ್ಥಳ ಮನೆಯೆಂದಾಗುತ್ತದೆ. ಎರುಕಲರು ಕೊರವರ ಬಳಗದವರೇ. ಅವರ ಚರಿತ್ರೆ ಬರೆದ ಮೀನಾ ರಾಧಾಕೃಷ್ಣ ಅವರು ಮದ್ರಾಸು ಪ್ರಾಂತದ ಸೆಟ್ಲಮೆಂಟುಗಳಲ್ಲಿ ಮಕ್ಕಳನ್ನು ತಂದೆತಾಯಿಯರ ಪ್ರಭಾವದಿಂದ ದೂರವಿಡುವುದು ಹೇಗೆ ಸುಧಾರಣೆಯ ಅಂಗವೇ ಆಗಿತ್ತು ಎಂಬುದನ್ನು ದಾಖಲೆಗಳಿಂದ ತೋರಿಸಿದ್ದಾರೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳದಿದ್ದರೆ ವಾದಕ್ಕೆ ಪ್ರಾಮಾಣಿಕತೆ ಇರುವುದಿಲ್ಲ. ನಮ್ಮ ಸೆಟ್ಲಮೆಂಟುಗಳಲ್ಲಿ ಬಹಳ ಕುಟುಂಬಗಳು ಒಟ್ಟಿಗೇ ಇದ್ದವು. ಹಗಲು ಶಾಲೆಗೆ ಹೋದ ಮಗು ಸಂಜೆ ತಾಯಿಯ ಗುಡಿಸಲಿಗೆ ಮರಳಿದ ಉದಾಹರಣೆಗಳೇ ಹೆಚ್ಚಿದ್ದರೂ ಅಚ್ಚರಿಯಿಲ್ಲ. ಆದ್ದರಿಂದ ಇದನ್ನು ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳ ಅಪಹರಣಕ್ಕೆ, ಕೆನಡಾದ ವಸತಿ ಶಾಲೆಗಳಿಗೆ ಹೋಲಿಸುವುದು ಅತಿಯಾಯಿತು ಎನ್ನುವವರಿದ್ದಾರೆ. ಕೆನಡಾದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸುಮಾರು 1,50,000 ಮಕ್ಕಳು ಅಂಥ ಶಾಲೆಗಳನ್ನು ಹಾಯ್ದರು. ನಮ್ಮಲ್ಲಿ ನಡೆದದ್ದಕ್ಕೆ ಆ ಅಳತೆಯಿಲ್ಲ. ಆದರೆ ಹಾನಿಯನ್ನು ಒಯ್ದ ತಲೆಗಳ ಲೆಕ್ಕದಿಂದ ಮಾತ್ರ ಅಳೆಯಲಾಗದು. 17ನೆಯ ಕಲಮು ಬಳಕೆಯಾಗದ ಮನೆಯಲ್ಲೂ ಅದು ಕೆಲಸ ಮಾಡುತ್ತಿತ್ತು. ತಂದೆ ಹಾಜರಿ ತಪ್ಪಿಸಿದರೆ, ತಾಯಿ ಅನುಮತಿಯಿಲ್ಲದೆ ತವರಿಗೆ ಹೋದರೆ, ಸೂಪರಿಂಟೆಂಡೆಂಟನ ಕಣ್ಣಿಗೆ ಅವರು ಕೆಟ್ಟವರೆಂದು ಕಂಡರೆ, ಮಗು ಹೋಗಬಹುದು ಎಂಬ ಭಯ ಕಾನೂನಿನಲ್ಲೇ ಇತ್ತು. ಮಗುವನ್ನು ಕಳೆದುಕೊಳ್ಳುವ ಭಯದಲ್ಲಿ ಬಾಳುವವರು ತಮ್ಮ ಮಾತು, ಹಾಡು, ದೇವರು, ಉಡುಗೆಗಳನ್ನು ಮಗುವಿಗೆ ದಾಟಿಸುವ ಮೊದಲು ಎರಡು ಸಲ ಯೋಚಿಸುತ್ತಾರೆ. ಅಧಿಕಾರಿಯ ಮುಂದೆ ಮಗು ಮನೆಮಾತಿನಲ್ಲಿ ಬಾಯಿಬಿಟ್ಟರೆ ಕೈ ಅಡ್ಡ ಹಿಡಿಯುತ್ತಾರೆ. ಬಲವಂತವಾಗಿ ಒಯ್ದ ಮಕ್ಕಳ ಸಂಖ್ಯೆ ಸಣ್ಣದಿದ್ದರೂ, ಹೀಗೆ ಮನೆಯೊಳಗೇ ತಾಯಿಯಿಂದ ದೂರವಾದ ಮಕ್ಕಳ ಸಂಖ್ಯೆ ಸಣ್ಣದಿರಲಿಲ್ಲ.

ಮೂರನೆಯ ಆಕ್ಷೇಪ ಬಹುಶಃ ಅತಿ ಹೆಚ್ಚು ಕೇಳಿಬರುವಂಥದು. ಸೆಟ್ಲಮೆಂಟಿನ ಶಾಲೆಗಳಿಂದ ಮಕ್ಕಳು ಅಕ್ಷರ ಕಲಿತರು, ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ಮುಂದಿನ ತಲೆಮಾರಿನಲ್ಲಿ ಮೇಷ್ಟರು, ನೌಕರರು, ವಕೀಲರು ಬಂದರು. ಹಾಗಾದರೆ ಅದು ಉಪಕಾರವಲ್ಲವೇ? ಆ ಅಕ್ಷರದ ಬೆಲೆಯನ್ನು ಅಲ್ಲಗಳೆಯಬೇಕಾಗಿಲ್ಲ. ಅದನ್ನು ಕಲಿತವರು ತಮ್ಮ ಛಲದಿಂದ ಕಲಿತರು, ಅದನ್ನೇ ಹಿಡಿದು ಹೊರಬಂದರು. ಆದರೆ ಉಪಕಾರ ಎನ್ನಬೇಕಾದರೆ ಬೇಡ ಎನ್ನುವ ಸ್ವಾತಂತ್ರ್ಯ ಇರಬೇಕು. ಅದೇ ಕಾಲಕ್ಕೆ ಧಾರವಾಡ, ಗದಗ, ರಾಯಚೂರುಗಳಲ್ಲಿ ಬೇರೆ ಜಾತಿಗಳ ಮಕ್ಕಳು ಅಕ್ಷರ ಕಲಿತದ್ದು ತಮ್ಮ ತಂದೆತಾಯಿ ಅನರ್ಹರೆಂಬ ಷರತ್ತಿನ ಮೇಲಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳು ಈ ಸೀಮೆಯಲ್ಲಿ ಎಷ್ಟೋ ಬಡ ಮಕ್ಕಳನ್ನು ಓದಿಸಿದವು. ಅಲ್ಲಿಯೂ ಮಗು ಮನೆ ಬಿಟ್ಟು ಬರುತ್ತಿತ್ತು. ಆದರೆ ತಂದೆಯೇ ಕೈಹಿಡಿದು ತಂದು ಬಿಡುತ್ತಿದ್ದ, ಹಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದ, ಮಗ ಓದುತ್ತಿದ್ದಾನೆಂದು ಊರಲ್ಲಿ ಹೇಳಿಕೊಳ್ಳುತ್ತಿದ್ದ. ಅಕ್ಷರ ಎರಡೂ ಕಡೆ ಒಂದೇ. ಒಂದು ಕಡೆ ಅದು ಮನೆಯ ಹೆಮ್ಮೆಯಾಯಿತು, ಇನ್ನೊಂದು ಕಡೆ ಮನೆಯ ಮೇಲಿನ ಆರೋಪವಾಯಿತು. ಸೆಟ್ಲಮೆಂಟಿನಲ್ಲಿ ಓದಿ ಮೇಲೆ ಬಂದ ಎಷ್ಟೋ ಕುಟುಂಬಗಳಲ್ಲಿ ಅಜ್ಜ, ಮುತ್ತಜ್ಜರ ಮಾತು ಬಂದರೆ ಇಂದಿಗೂ ಮೌನ ಕವಿಯುತ್ತದೆ ಎಂದರೆ, ಆ ಶಾಲೆ ಪಾಠದ ಜೊತೆಗೆ ನಾಚಿಕೆಯನ್ನೂ ಕಲಿಸಿತ್ತು ಎಂದೇ ಅರ್ಥ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? ಮದ್ರಾಸು 1947ರಲ್ಲಿ, ಮುಂಬಯಿ 1949ರಲ್ಲಿ ಕಾಯಿದೆಯನ್ನು ರದ್ದುಮಾಡಿದವು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಿಂದ ದೇಶದಲ್ಲೆಲ್ಲ ಅದು ಇಲ್ಲವಾಯಿತು. ಆದರೆ ರದ್ದತಿಯ ಬೆನ್ನಿಗೇ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಕುಲದ ಹೆಸರು ಹೋಗಿ ವ್ಯಕ್ತಿಯ ಹೆಸರು ಬಂತು, ಠಾಣೆಯ ಅನುಮಾನ ಮಾತ್ರ ಹಳೆಯ ಮನೆಗಳ ಬಾಗಿಲಿಗೇ ಬಂದು ನಿಂತಿತು. 2008ರಲ್ಲಿ ರೇಣಕೆ ಆಯೋಗ, ಅದಾದ ಹತ್ತು ವರ್ಷಕ್ಕೆ ಇದಾತೆ ಆಯೋಗ ವಿಮುಕ್ತ (ಹಿಂದೆ ಅಪರಾಧಿ ಪಟ್ಟಿಯಲ್ಲಿದ್ದ) ಮತ್ತು ಅಲೆಮಾರಿ ಸಮುದಾಯಗಳ ಬಗ್ಗೆ ವರದಿ ಕೊಟ್ಟವು. ಮನೆ, ಭೂಮಿ, ಜಾತಿ ಪ್ರಮಾಣಪತ್ರ, ಮೀಸಲಾತಿ, ಉದ್ಯೋಗ ಎಲ್ಲವೂ ಚರ್ಚೆಯಾದವು, ಆಗಬೇಕಾದದ್ದೇ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲು ಕೈಪಿಡಿಗಳಲ್ಲಿ ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂಬಂತೆ ಕಾಣುವ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಗಣರಾಜ್ಯವಾಗಿ ಮುಕ್ಕಾಲು ಶತಮಾನ ಕಳೆದರೂ ಅಂಥ ನಿಯಮಗಳು ಉಳಿದಿದ್ದವು ಎಂಬುದೇ ಸಾಕಷ್ಟು ಹೇಳುತ್ತದೆ. ಇಷ್ಟೆಲ್ಲದರ ನಡುವೆ ಮಕ್ಕಳ ಪ್ರಶ್ನೆ ಮಾತ್ರ ಒಂದು ಬೇರೆ ಪ್ರಶ್ನೆಯಾಗಿ ಎಲ್ಲಿಯೂ ಎದ್ದು ನಿಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ 1997ರಲ್ಲಿ ವರದಿ ಕೊಟ್ಟ ವಿಚಾರಣೆ ಮೊದಲು ಕುಟುಂಬಗಳ ಸಾಕ್ಷ್ಯ ಕೇಳಿತು, ಆಮೇಲೆ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಕೆನಡಾ ಅದೇ ವರ್ಷ ಜೂನ್ 11ರಂದು ಕ್ಷಮೆ ಕೇಳಿ, ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ಸಾವಿರಾರು ಜನ ತಮ್ಮ ಕಥೆ ಹೇಳಲು ದಾರಿ ಮಾಡಿಕೊಟ್ಟಿತು. ಆ ದೇಶಗಳಲ್ಲಿ ಗಾಯ ಪೂರ್ತಿ ಮಾಯಿತು ಎಂದಲ್ಲ. ಆದರೆ ಅಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಗೆ ರಾಜ್ಯವೇ ಬಾಯಿಬಿಟ್ಟು ಉತ್ತರ ಕೊಟ್ಟಿತು. ನಮ್ಮಲ್ಲಿ ಕಾಯಿದೆ ಹೋಯಿತು, ತೀರ್ಪು ಹಾಗೆಯೇ ಉಳಿಯಿತು.

ತೀರ್ಪು ಉಳಿದಿದೆ ಎಂಬುದನ್ನು ನೋಡಲು ಹಳೆಯ ಕಡತಕ್ಕೇ ಹೋಗಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾ ಭಾಗದ ತಾಂಡಾಗಳಿಂದ, ಕೇರಿಗಳಿಂದ ಹಿಂಗಾರಿ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು, ಗಾರೆ ಕೆಲಸಕ್ಕೆ, ಬೆಂಗಳೂರು, ಗೋವಾ, ಮಂಗಳೂರಿನ ಕಡೆಗೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ತಂದೆತಾಯಿಯ ಜೊತೆ ಹೋಗಿ ಶಾಲೆ ಕಳೆದುಕೊಳ್ಳುತ್ತಾರೆ. ಆಗ ಸುಲಭವಾಗಿ ಕೇಳಿಬರುವ ಮಾತು ಒಂದೇ: ಇವರಿಗೆ ಮಕ್ಕಳ ಓದಿನ ಬಗ್ಗೆ ಕಾಳಜಿಯಿಲ್ಲ, ಮಕ್ಕಳನ್ನು ಇವರಿಂದ ದೂರವಿಟ್ಟರೇ ಉದ್ಧಾರ. ಸಾಲ ತೀರಿಸಲು ಊರು ಬಿಡುವ ಒತ್ತಡವನ್ನು ಈ ಮಾತು ತಂದೆತಾಯಿಯ ಸ್ವಭಾವದ ದೋಷವಾಗಿ ಮಾಡಿಬಿಡುತ್ತದೆ. ಲದೇಣಿ ಕಳೆದುಕೊಂಡವರನ್ನು ಅಪರಾಧಿ ಕುಲವೆಂದ ತರ್ಕವೂ ಇದೇ ಆಗಿತ್ತು. ಹಾಗಾದರೆ ವಸತಿ ಶಾಲೆಗಳನ್ನು ಮುಚ್ಚಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಅವು ಈ ಸಮುದಾಯಗಳ ಮಕ್ಕಳಿಗೆ ದೊಡ್ಡ ಆಸರೆ, ಎಷ್ಟೋ ತಂದೆತಾಯಿ ತಾವೇ ಬಯಸಿ ಕಳಿಸುತ್ತಾರೆ. ಬೇಕಾದದ್ದು ಆ ಬಯಕೆಗೆ ಗೌರವ. ಊರ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಪಾಲಕರಿಗೆ ಒಂದು ಕುರ್ಚಿಯಾದರೂ ಇದೆ. ಮಗು ದೂರದ ವಸತಿ ಶಾಲೆ ಸೇರಿದೊಡನೆ ಆ ಕುರ್ಚಿ ಕೈತಪ್ಪಬಾರದು. ತಾಯಿ ಭೇಟಿಗೆ ಬಂದರೆ ಗೇಟಿನಲ್ಲಿ ನಿಲ್ಲಿಸಬಾರದು. ಮಗು ಲಂಬಾಣಿಗರ ಗೋರ್‌ಬೋಲಿಯಲ್ಲೋ ಹರಣಶಿಕಾರಿಗಳ ವಾಗ್ರಿಯಲ್ಲೋ ಮಾತಾಡಿದರೆ ಅದು ತಿದ್ದಬೇಕಾದ ತಪ್ಪಾಗಬಾರದು.

ಮನೆ ಎಂಬುದು ಕಲಿಕೆಗೆ ಅಡ್ಡಿಯಲ್ಲ, ಅದೇ ಒಂದು ಶಾಲೆ ಎಂಬುದಕ್ಕೆ ಸಾಕ್ಷಿ ಕೊಪ್ಪಳ ತಾಲೂಕಿನ ಮೋರನಾಳದಲ್ಲಿದೆ. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಏಳು ದಶಕಗಳಿಗೂ ಹೆಚ್ಚು ಕಾಲ ತೊಗಲುಗೊಂಬೆ ಆಡಿಸಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಶಿಳ್ಳೇಕ್ಯಾತರು ಊರೂರು ಅಲೆದು ಆಟ ಆಡಿದ ಜನ. ಹದ ಮಾಡಿದ ತೊಗಲಿನಲ್ಲಿ ರಾಮ, ರಾವಣ, ಭೀಮರನ್ನು ಕೊರೆದು, ಬಣ್ಣ ತುಂಬಿ, ಕೀಲು ಕಟ್ಟಿ, ದೀಪದ ಮುಂದೆ ಪರದೆಗೆ ಒತ್ತಿ ಹಿಡಿದು ಕುಣಿಸಬೇಕು. ಹಾಡು, ಮಾತು, ತಾಳ ಒಟ್ಟಿಗೇ ನಡೆಯಬೇಕು. ಇದನ್ನು ಕಲಿಸುವ ಪಠ್ಯಪುಸ್ತಕವಿಲ್ಲ. ಪರದೆಯ ಹಿಂದೆ ಹಿರಿಯರ ತೊಡೆಯ ಪಕ್ಕ ಕೂತ ಮಗುವೇ ಮುಂದೆ ಗೊಂಬೆ ಹಿಡಿಯುತ್ತದೆ. ಇಂಥ ಮನೆಯ ಮಗುವನ್ನು ಆರನೆಯ ವಯಸ್ಸಿಗೆ ಒಯ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ, 17ನೆಯ ಕಲಮು ಕಡಿದದ್ದು ಏನನ್ನು ಎಂಬುದು ಅರ್ಥವಾಗುತ್ತದೆ. ಅಲೆಮಾರಿ ಮನೆಯಲ್ಲಿ ಹುಟ್ಟಿದ ವಿದ್ಯೆಗೆ ಇಂದು ರಾಷ್ಟ್ರಪತಿ ಭವನದಲ್ಲಿ ಗೌರವ ಸಿಗುವುದಾದರೆ, ಅಂಥದೇ ಮನೆಗಳನ್ನು ಒಮ್ಮೆ ಮಕ್ಕಳಿಗೆ ಅಪಾಯವೆಂದು ಕರೆದದ್ದು ಸುಳ್ಳಾಗಿತ್ತು ಎಂದು ಅದೇ ರಾಜ್ಯ ಹೇಳುವುದಕ್ಕೆ ಏನು ಅಡ್ಡಿ?

ಮಾಡಬೇಕಾದ ಕೆಲಸ ಅಸಾಧ್ಯವಾದದ್ದೇನೂ ಅಲ್ಲ. ಸೆಟ್ಲಮೆಂಟುಗಳ ವಾರ್ಷಿಕ ವರದಿಗಳು, ಪೊಲೀಸ್ ಕೈಪಿಡಿಗಳು, ಸರಕಾರಿ ಆದೇಶಗಳು ಇಂಗ್ಲಿಷಿನಲ್ಲಿವೆ. ಯಾರ ಬಗ್ಗೆ ಬರೆದರೋ ಅವರ ಮೊಮ್ಮಕ್ಕಳಿಗೆ ಅವು ಕನ್ನಡದಲ್ಲಿ ಸಿಗಬೇಕು. ಗಂಗಾವತಿಯಿಂದ ಹೊಳೆ ದಾಟಿದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಅಲ್ಲಿ ಬುಡಕಟ್ಟು ಅಧ್ಯಯನ ವಿಭಾಗವೇ ಇದೆ. ಬೆಟಗೇರಿ, ಹುಬ್ಬಳ್ಳಿ, ವಿಜಯಪುರಗಳಲ್ಲಿ, ಕೊಪ್ಪಳ ಜಿಲ್ಲೆಯ ಅವರ ಬಂಧುಗಳಲ್ಲಿ ಹಿರಿಯರ ನೆನಪುಗಳನ್ನು ಆ ಸಮುದಾಯಗಳ ಯುವಕ ಯುವತಿಯರೇ ದಾಖಲಿಸುವಂತಾಗಬೇಕು. ಸೆಟ್ಲಮೆಂಟಿನೊಳಗೆ ಬಾಲ್ಯ ಕಳೆದವರು ಈಗ ಎಂಬತ್ತರ ಆಚೆಗಿದ್ದಾರೆ, ಕಾಯಲು ಕಾಲವಿಲ್ಲ. ಹಳೆಯದನ್ನು ಕೆದಕಿದರೆ ತಮ್ಮ ಮಕ್ಕಳಿಗೇ ಮತ್ತೆ ಕಳಂಕ ಅಂಟುತ್ತದೆ ಎಂದು ಸಮುದಾಯದೊಳಗಿನ ಕೆಲವರೇ ಹಿಂಜರಿಯಬಹುದು. ಆ ಹಿಂಜರಿಕೆಯನ್ನು ತಳ್ಳಿಹಾಕಬಾರದು. ಹೇಳಬೇಕೋ ಬೇಡವೋ ಎಂಬ ನಿರ್ಧಾರ ಅವರದೇ ಆಗಿರಬೇಕು. ಆದರೆ ಕಳಂಕ ಯಾರಿಗೆ ಸೇರಬೇಕು ಎಂಬುದನ್ನು ಹೇಳುವ ಹೊಣೆ ರಾಜ್ಯದ್ದು. ನಮ್ಮ ಜಿಲ್ಲೆ ಪ್ರತಿ ವರ್ಷ ಸೆಪ್ಟೆಂಬರ್ 17ರಂದು, ನಿಜಾಮರ ಆಳ್ವಿಕೆಯಿಂದ ಸಿಕ್ಕ 1948ರ ಬಿಡುಗಡೆಯನ್ನು ಧ್ವಜ ಹಾರಿಸಿ ನೆನೆಯುತ್ತದೆ. ಅದಕ್ಕೆ ಹದಿನೇಳು ದಿನ ಮೊದಲು ಬರುವ, ಕಾಯಿದೆ ಇಲ್ಲವಾದ ಆಗಸ್ಟ್ 31ಕ್ಕೂ ಅದೇ ಮೈದಾನದಲ್ಲಿ ಜಾಗ ಸಿಗಬೇಕು. ಅಂದು ಜಿಲ್ಲಾಡಳಿತ ಯೋಜನೆಗಳ ಪಟ್ಟಿ ಓದುವ ಮೊದಲು, ಈ ಸಮುದಾಯಗಳ ತಂದೆತಾಯಿಯರ ಬಗ್ಗೆ ಕಾನೂನು ಹೇಳಿದ್ದು ತಪ್ಪಾಗಿತ್ತು, ಮಕ್ಕಳನ್ನು ಅವರಿಂದ ಕಸಿಯುವ ಹಕ್ಕು ಯಾರಿಗೂ ಇರಲಿಲ್ಲ ಎಂದು ಕನ್ನಡದಲ್ಲಿ, ಅವರ ಎದುರಿನಲ್ಲೇ ಹೇಳಬೇಕು. ಮನೆ, ಹಕ್ಕುಪತ್ರ, ವಿದ್ಯಾರ್ಥಿವೇತನ ಎಲ್ಲವೂ ಅವರಿಗೆ ಸಲ್ಲಬೇಕಾದವೇ. ಆದರೆ ಆ ಒಂದು ಮಾತು ಮೊದಲು ಬಂದರೆ ಮಾತ್ರ ಅವು ದಯೆಯಾಗದೆ ನ್ಯಾಯವಾಗುತ್ತವೆ.